ಫ್ರಿಜ್ ಹೊರುವವರು ಯಾರು?

ಬೇಸ್ ಗಿಟಾರ್ ನುಡಿಸುವವರು ಇಬ್ಬರು ಸೇರಿದ ಕಡೆ, ಹತ್ತಿಂಚಿನ ನಾಲ್ಕು ಸ್ಪೀಕರ್ ಇರುವ ಫೋರ್-ಟೆನ್ ಕ್ಯಾಬ್ (ಅಂದ್ರೆ ಸ್ಪೀಕರ್ ಪೆಟ್ಟಿಗೆ) ಮೇಲೋ, ಹದಿನೈದಿಂಚಿನ ಒಂದೇ ಸ್ಪೀಕರ್ ಇರುವ ಒನ್-ಫಿಫ್ಟೀನ್ ಮೇಲೋ ಅಂತ ಸುಮ್ಮನೆ ಕೇಳಿ ನೋಡಿ. ನೀವು ಊಟ ಮುಗಿಸಿ ಬಂದರೂ ಜಗಳ ನಡೀತಾನೇ ಇರುತ್ತೆ. "ಗುಡುಗಬೇಕು ಅಂದ್ರೆ ದೊಡ್ಡ ಸ್ಪೀಕರೇ ಬೇಕು ಗುರು" ಅಂತ ಒಬ್ಬ. "ನಿಂದು ಗುಡುಗಲ್ಲ, ಗೊಜ್ಜು" ಅಂತ ಇನ್ನೊಬ್ಬ.

ಸ್ಪೀಕರಿನ ಅಗಲ ಒಂದನ್ನೇ ನೋಡಿ ತಗ್ಗು ಸ್ವರ ಅಳೆಯೋಕೆ ಆಗಲ್ಲ ಸ್ವಾಮಿ. ಪೆಟ್ಟಿಗೆ ಒಳಗೆ ಜಾಗ ಎಷ್ಟಿದೆ, ಗಾಳಿಗೆ ಕಂಡಿ ಬಿಟ್ಟಿದಾರೋ ಇಲ್ಲವೋ, ಕೋನ್ ಎಷ್ಟು ಹಿಂದೆ ಮುಂದೆ ಆಡುತ್ತೆ, ಇವೆಲ್ಲ ಸೇರಬೇಕು. ಸಾಕ್ಷಿಗೆ ಅಮೆರಿಕದ ಆಂಪೆಗ್ ಕಂಪನಿಯ ಏಯ್ಟ್-ಟೆನ್ ಇದೆಯಲ್ಲ. 1969ರಲ್ಲಿ 300 ವಾಟ್‌ನ ಎಸ್‌ವಿಟಿ ಆಂಪ್ ಜೊತೆ ಬಂದದ್ದು. ಆಕಾರ ನೋಡಿ ಎಲ್ಲರೂ ಅದನ್ನ ಫ್ರಿಜ್ ಅಂತಲೇ ಕರೀತಾರೆ. ರಾಕ್ ಲೋಕದ ಗುಡುಗೆಲ್ಲ ಅದರದ್ದೇ ಅನ್ನೋ ಹೆಸರು. ಒಳಗಿರೋದು ಮಾತ್ರ ಬರೀ ಹತ್ತಿಂಚಿನವು, ಎಂಟು. ಇನ್ನೊಂದು ತಮಾಷೆ: ಬೇಸಿನ ದಪ್ಪ ಇ ತಂತಿ ಮಿಡಿಯೋದು 41 ಹರ್ಟ್ಸ್‌ನಲ್ಲಿ. ಅಷ್ಟು ಕೆಳಗೆ ಈ ಮಹಾಶಯನ ದನಿ ಆಗಲೇ ಉಡುಗಿರುತ್ತೆ. 82, 123 ಹರ್ಟ್ಸ್‌ನ ಮೇಲಿನ ಅಂಶಗಳನ್ನ ಕೇಳಿ, ಉಳಿದದ್ದನ್ನ ಕಿವಿಯೇ ತುಂಬಿಕೊಳ್ಳುತ್ತೆ. ನಾವು ಮಾತ್ರ ಎದೆ ನಡುಗಿತು ಅಂತ ಊರೆಲ್ಲ ಹೇಳಿಕೊಂಡು ಬರ್ತೀವಿ.

ಆ ಫ್ರಿಜ್ಜು 60 ಕೆಜಿ ಮೇಲಿದೆ. ಬೆಂಗಳೂರಿನ ಪಬ್ಬು ಮೂರನೇ ಮಹಡಿಯಲ್ಲಿ, ಲಿಫ್ಟು ರಿಪೇರಿಯಲ್ಲಿ. ಹೊರುವ ಹೊತ್ತಿಗೆ ಗಾಯಕರಿಗೆ ಗಂಟಲು ಸರಿ ಇರಲ್ಲ, ಗಿಟಾರಿಸ್ಟ್‌ಗೆ ಫೋನ್ ಬಂದಿರುತ್ತೆ.

ಅದಕ್ಕೇ ನನ್ನ ಓಟು ಟೂ-ಟೆನ್‌ಗೆ. ನಿಯೋಡಿಮಿಯಂ ಆಯಸ್ಕಾಂತದ ಸ್ಪೀಕರ್ ಇದ್ದರೆ ಸುಮಾರು 15 ಕೆಜಿ, ಆಟೋದಲ್ಲೂ ಕೂರುತ್ತೆ. ಸಣ್ಣ ಕೆಫೆಗೆ ಒಂದು, ಕಾಲೇಜ್ ಫೆಸ್ಟ್ ಬಯಲಿಗೆ ಎರಡು. ಕೊಳ್ಳುವಾಗ ಹಿಂದಿನ ಚೀಟಿಯಲ್ಲಿ 8 ಓಮ್ ಅಂತ ಇದೆಯಾ ನೋಡಿ. ಎರಡು 8 ಸೇರಿದರೆ 4 ಓಮ್. ಬಹಳಷ್ಟು ಆಂಪ್‌ಗಳು ಇಳಿಯೋದೇ ಅಲ್ಲಿವರೆಗೆ. ಮೊದಲೇ 4 ಓಮ್‌ನದ್ದು ತಂದು ಕೂರಿಸಿದರೆ, ಆಮೇಲೆ ಅದಕ್ಕೆ ಜೋಡಿ ಹುಡುಕೋ ಹಾಗಿಲ್ಲ.

ಎರಡನ್ನೂ ಅಕ್ಕಪಕ್ಕ ಇಟ್ಟು ಫೋಟೋ ತೆಗೆಸಿಕೊಳ್ಳೋ ಆಸೆ ಬೇಡ. ಹಾಗಿಟ್ಟರೆ ಮೇಲಿನ ದನಿ ಎಡಬಲಕ್ಕೆ ಹರಡದೆ ನೇರ ಹೋಗುತ್ತೆ, ಪಕ್ಕದ ಕೀಬೋರ್ಡಿನವರಿಗೆ ಬರೀ ಗುಂಯ್. ಉದ್ದಕ್ಕೆ ನಿಲ್ಲಿಸಿ ಒಂದರ ಮೇಲೊಂದು ಇಡಿ. ಮೇಲಿನ ಸ್ಪೀಕರು ಕಿವಿಯ ಹತ್ತಿರಕ್ಕೆ ಬರುತ್ತೆ. ನೆಲದಲ್ಲಿಟ್ಟ ಕ್ಯಾಬಿಗೆ ಒಂದಡಿ ದೂರದಲ್ಲಿ ನಿಂತು "ನನಗೇನೂ ಕೇಳಿಸ್ತಿಲ್ಲ" ಅಂತ ವಾಲ್ಯೂಮ್ ತಿರುಗಿಸ್ತೀರಲ್ಲ, ಮೊಣಕಾಲಿಗೆ ಕಿವಿ ಇರುತ್ತೇನ್ರೀ?

ಇಷ್ಟಕ್ಕೂ ದೊಡ್ಡ ಮೈದಾನದಲ್ಲಿ ಜನ ಕೇಳೋದು ನಿಮ್ಮ ಕ್ಯಾಬನ್ನಲ್ಲ. ಸೌಂಡ್‌ನವರು ನಿಮ್ಮ ಆಂಪ್‌ನಿಂದ ಒಂದು ವೈರ್ ಎಳೆದು ಪಿಎಗೆ, ಅಂದ್ರೆ ಜನರ ಕಡೆ ತಿರುಗಿಸಿಟ್ಟ ದೊಡ್ಡ ಸ್ಪೀಕರ್‌ಗಳಿಗೆ, ಕೊಟ್ಟಾಗಿರುತ್ತೆ. ಕ್ಯಾಬ್ ಇರೋದು ನಿಮಗೆ, ಮತ್ತೆ ಡ್ರಮ್ಮರ್‌ಗೆ.

ಆದರೆ ಆ ಡ್ರಮ್ಮರ್‌ಗೆ ತೂಕದ ವಿಷಯ ಹೇಳಬೇಡಿ. ಒಂದೇ ಕೈಯಲ್ಲಿ ಕ್ಯಾಬ್ ಹಿಡಿದು ಬಂದಿರಿ ಅಂತ ಗೊತ್ತಾದರೆ, ಇನ್ನೊಂದು ಕೈಗೆ ಸಿಂಬಲ್ ಬ್ಯಾಗ್ ತಗಲಿಸಿ ಸಿಗರೇಟಿಗೆ ಹೊರಟುಬಿಡ್ತಾನೆ.