ಕೊಬ್ಬರಿ ಲೆಕ್ಕದಲ್ಲಿ ದುಬೈ

ತಿಪಟೂರು ಸೀಮೆಯವರು ದುಬೈಗೆ ಹೊರಟರೆ ಮೊದಲ ಪೆಟ್ಟು ಬೀಳುವುದು ಬೆಂಗಳೂರಿನಲ್ಲೇ. ಕೊಬ್ಬರಿಯನ್ನು ವಿಮಾನ ಹತ್ತಿಸುವಂತಿಲ್ಲ. ಮೈತುಂಬ ಎಣ್ಣೆ ಇಟ್ಟುಕೊಂಡ ಪದಾರ್ಥ, ಒಳಗೊಳಗೇ ಕಾವು ಹೆಚ್ಚಿ ತಾನಾಗಿಯೇ ಹೊತ್ತಿಕೊಂಡೀತು ಎಂದು ಅಂತರರಾಷ್ಟ್ರೀಯ ವಿಮಾನಯಾನದ ನಿಯಮಗಳು ಅದನ್ನು ಅಪಾಯಕಾರಿ ಸರಕಿನ ಪಟ್ಟಿಗೆ ಸೇರಿಸಿವೆ. 2022ರಲ್ಲಿ ನಮ್ಮ ದೇಶದ ವಿಮಾನಯಾನ ಭದ್ರತೆಯವರೂ ಚೆಕ್-ಇನ್ ಬ್ಯಾಗಿನಲ್ಲಿ ಒಣಕೊಬ್ಬರಿ ಕೂಡದು ಎಂದರು. ತುರುವೇಕೆರೆ ಕಡೆಯ ಯಜಮಾನರೊಬ್ಬರಿಗೆ ಈ ವಿಷಯ ಗೊತ್ತಾಗಿದ್ದು ಬ್ಯಾಗು ಬಿಚ್ಚಿಸಿದ ಮೇಲೆ. ಗಿಟಕು ಕೊಬ್ಬರಿಯ ಪೊಟ್ಟಣ ಮೇಜಿನ ಮೇಲೆ ಕೂತಿತ್ತು, ಆಚೆ ಕಡೆ ಸಮವಸ್ತ್ರದ ಹುಡುಗಿ ನಿಂತಿದ್ದಳು.

"ಅಲ್ಲ ಕಣಮ್ಮ, ಹನ್ನೊಂದು ತಿಂಗಳು ಅಟ್ಟದ ಮೇಲೆ ಸಾವಿರಾರು ಕಾಯಿ ಇರ್ತವೆ. ಅದರ ಕೆಳಗೇ ಮಂಚ ಹಾಕ್ಕೊಂಡು ಮಲಗ್ತೀನಿ. ಇವತ್ತಿನವರೆಗೂ ಒಂದೂ ಹೊತ್ಕೊಂಡಿಲ್ಲ. ಕೊಬ್ಬರಿಯಿಂದ ಉರಿದಿದ್ದು ನಮ್ಮ ಹೊಟ್ಟೆ ಮಾತ್ರ, 2023ರಲ್ಲಿ."

ಹುಡುಗಿಗೆ 2023ರ ಸಂಗತಿ ಗೊತ್ತಿರಲಿಲ್ಲ. ಆ ವರ್ಷ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್ಲಿಗೆ 11,750 ರೂಪಾಯಿ ಇದ್ದರೆ, ತಿಪಟೂರು ಮಾರುಕಟ್ಟೆಯಲ್ಲಿ ದರ ಎಂಟು ಸಾವಿರದ ಆಸುಪಾಸಿಗೆ ಕುಸಿದಿತ್ತು. ರೈತರು ಧರಣಿ ಕೂತರು. ಮಗ ದುಬೈಯಿಂದ ಫೋನು ಮಾಡಿ "ಒಂದು ಸಲ ಬಂದೋಗಿ" ಅಂದಾಗಲೆಲ್ಲ ಯಜಮಾನರದು ಒಂದೇ ಉತ್ತರ: "ರೇಟ್ ಬರ್ಲಿ, ನೋಡಾಣ." 2025ರಲ್ಲಿ ರೇಟು ಬಂದೇ ಬಂತು, ಕ್ವಿಂಟಲ್ಲಿಗೆ 25 ಸಾವಿರ ದಾಟಿತು. ಹೇಳಿಕೊಳ್ಳಲು ನೆಪ ಉಳಿಯಲಿಲ್ಲ. ಪಾಸ್‌ಪೋರ್ಟ್ ಮಾಡಿಸಬೇಕಾಯಿತು.

ಯಜಮಾನತಿಯ ಗಂಟಿನಲ್ಲಿದ್ದ ಗಸಗಸೆ ಮಾತ್ರ ಊರಲ್ಲೇ ಉಳಿದಿತ್ತು. ಆ ದೇಶದಲ್ಲಿ ಅದು ನಿಷಿದ್ಧ, ಸಿಕ್ಕಿಬಿದ್ದರೆ ಜೈಲು ಎಂದು ಮಗ ಮೊದಲೇ ಹೇಳಿದ್ದ. ಗಸಗಸೆ ಪಾಯಸ ಕುಡಿದು ಹಬ್ಬದ ಮಧ್ಯಾಹ್ನ ಸಾಮೂಹಿಕವಾಗಿ ಗೊರಕೆ ಹೊಡೆಯುವ ಸೀಮೆಯವರಿಗೆ ಈ ಕಾನೂನಿನ ಹಿಂದಿನ ತರ್ಕ ಅರ್ಥವಾಗದೇನಲ್ಲ. ರಾಗಿ ಹಿಟ್ಟು, ಹುರಿಗಾಳು, ಚಟ್ನಿಪುಡಿ ಪಾರಾದವು. ಚಟ್ನಿಪುಡಿಯಲ್ಲಿ ನುಣ್ಣಗಾಗಿ ಕೂತಿದ್ದ ಕೊಬ್ಬರಿಯನ್ನು ಯಾರೂ ಮಾತಾಡಿಸಲಿಲ್ಲ.

ದುಬೈಯಲ್ಲಿ ಮಗನಿಗೆ ರಜೆ ಸಿಗಲಿಲ್ಲ. ಅಪ್ಪ ಅಮ್ಮನಿಗಾಗಿಯೇ ಒಂದು ಕಾರು ಗೊತ್ತು ಮಾಡಿದ. ನಾಲ್ಕು ಗಂಟೆ ಸುತ್ತಾಟ, ಊರು ತೋರಿಸಿ ವಿವರಿಸುವ ಡ್ರೈವರ್. ಯಜಮಾನತಿಗೆ ಇದೇ ಸರಿಬರಲಿಲ್ಲ. ಟೂರ್ ಅಂದರೆ ಅವರ ಲೆಕ್ಕದಲ್ಲಿ ಟೆಂಪೋ ಟ್ರಾವೆಲರ್, ಧರ್ಮಸ್ಥಳ, ಕುಕ್ಕೆ, ಹೊರನಾಡು. ಹಿಂದಿನ ಸೀಟಿನಲ್ಲಿ ವಾಂತಿ ಮಾಡುವ ಒಂದು ಮಗು, ಪುಳಿಯೋಗರೆಯ ಡಬರಿ, ಶೌಚಾಲಯಕ್ಕೆ ನಿಲ್ಲಿಸಲು ಗಲಾಟೆ. ಏಳು ಸೀಟಿನ ಕಾರಿನಲ್ಲಿ ಗಂಡ ಹೆಂಡತಿ ಇಬ್ಬರೇ ಕೂತು ಹೋಗುವುದು ಅವರಿಗೆ ಕಳ್ಳತನದಂತೆ ಕಂಡಿತು. "ದಾರೀಲಿ ಯಾರಾದ್ರೂ ನಮ್ಮ ಕಡೆಯೋರು ಸಿಕ್ರೆ ಹತ್ತಿಸ್ಕಳಪ್ಪ" ಎಂದು ಡ್ರೈವರಿಗೆ ಹೇಳಿಯೂ ಬಿಟ್ಟರು.

ನಮ್ಮ ಕಡೆಯವನು ಕಾರಿನಲ್ಲೇ ಇದ್ದ. ಡ್ರೈವರ್ ಮಂಜೇಶ್ವರದ ಹುಡುಗ. "ಕನ್ನಡ ಶಾಲೆಯಲ್ಲೇ ಓದಿದ್ದು ಸಾರ್, ಕಾಸರಗೋಡು ಜಿಲ್ಲೆ" ಎಂದ. ಯಜಮಾನರು ಎದ್ದು ಕೂತರು. ಯಾತ್ರೆಗಳನ್ನು ಬಿಟ್ಟರೆ ಅವರು ಮಾಡಿದ್ದ ಏಕೈಕ ಪ್ರವಾಸ ಕಾಸರಗೋಡಿಗೇ, ಕೃಷಿ ಇಲಾಖೆಯ ಬಸ್ಸಿನಲ್ಲಿ, ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ನೋಡಲು. ಅಲ್ಲಿ ತೆಂಗಿನ ಸಂಶೋಧನೆ ಶುರುವಾದದ್ದು 1916ರಲ್ಲಿ, ಮದ್ರಾಸು ಸರ್ಕಾರದ ಕಾಲಕ್ಕೆ. ಡ್ರೈವರ್ ಆ ಗೇಟಿನ ಮುಂದೆ ಬಸ್ಸಿನಲ್ಲಿ ಸಾವಿರ ಸಲ ಹೋದವನು, ಒಳಗೆ ಕಾಲಿಟ್ಟವನಲ್ಲ. "ಬುರ್ಜ್ ಖಲೀಫಾ ಬೇಕಾದ್ರೆ ಕಣ್ಣು ಮುಚ್ಚಿ ತೋರಿಸ್ತೇನೆ, ಅದು ಗೊತ್ತಿಲ್ಲ ಮಾರಾಯ್ರೆ" ಎಂದ. ಮುಂದಿನ ಹತ್ತು ನಿಮಿಷ ಯಜಮಾನರೇ ಗೈಡು. ಅತ್ತ ಬುರ್ಜ್ ಅಲ್ ಅರಬ್ ಹೋಟೆಲು, 1999ರಲ್ಲಿ ಬಾಗಿಲು ತೆರೆದ ಹಾಯಿಪಟದ ಆಕಾರದ ಸೌಧ, ಕಿಟಕಿಯಲ್ಲಿ ಬಂದು ಹಾಗೇ ಹಿಂದೆ ಸರಿಯಿತು. ಕಾರಿನೊಳಗೆ ಅಡುಗೆಗೆ ತೆಂಗಿನೆಣ್ಣೆ ಹಾಕಬಹುದೇ ಎಂಬ ಚರ್ಚೆ ಕಾವೇರಿತ್ತು. ಕರಾವಳಿಯವನಿಗೆ ತೆಂಗಿನೆಣ್ಣೆ ಇಲ್ಲದೆ ಒಗ್ಗರಣೆಯಿಲ್ಲ. ತೆಂಗಿನ ನಡುವೆಯೇ ಹುಟ್ಟಿ ಬೆಳೆದ ತುರುವೇಕೆರೆಯವರಿಗೆ ಅದು ತಲೆಗೆ ಹಚ್ಚುವ ವಸ್ತು. ಕಡಲೆಕಾಯಿ ಎಣ್ಣೆ ತಂದು ಸಾರಿಗೆ ಹಾಕಿ, ಕೊಬ್ಬರಿಯನ್ನು ಉತ್ತರ ಭಾರತಕ್ಕೆ ಲಾರಿ ಹತ್ತಿಸುವುದು ಅವರ ಸಂಪ್ರದಾಯ.

ಆಮೇಲೆ ಬಂತು ಪಾಮ್ ಜುಮೇರಾ.

ಮರದ ಆಕಾರದಲ್ಲಿ ಸಮುದ್ರದೊಳಗೆ ಒಂದು ದ್ವೀಪವನ್ನೇ ಕಟ್ಟಿದ್ದಾರೆ ಎಂದು ಮಗ ಹೇಳಿ ಹೇಳಿ ಆಸೆ ಹುಟ್ಟಿಸಿದ್ದ. ಕಾರು ರಸ್ತೆಯ ಮೇಲೆ ಓಡುತ್ತಿತ್ತು. ಎರಡೂ ಕಡೆ ಅಪಾರ್ಟ್‌ಮೆಂಟು, ತಲೆಯ ಮೇಲೆ ಮೋನೋರೈಲು.

"ಮರ ಎಲ್ಲಪ್ಪ?"

"ಮರದ ಮೇಲೇ ಇದ್ದೇವೆ ಸಾರ್. ಇದು ಕಾಂಡ."

ಯಜಮಾನರು ಕಿಟಕಿಯಿಂದ ಕಾಂಡವನ್ನು ನೋಡಿದರು. ಕಾಂಡದ ಮೇಲೆ ಸೂಪರ್ ಮಾರ್ಕೆಟ್ ಇತ್ತು. ಮರ ಮರವಾಗಿ ಕಾಣಬೇಕಾದರೆ 52ನೇ ಮಹಡಿಗೆ, 240 ಮೀಟರ್ ಎತ್ತರಕ್ಕೆ ಹೋಗಬೇಕು. ಅದಕ್ಕೆ ಟಿಕೀಟು ಬೇರೆ, ತಲೆಗೆ ನೂರು ದಿರ್ಹಮಿನ ಆಜುಬಾಜು. ದಿರ್ಹಮಿಗೆ 23 ರೂಪಾಯಿ ಹಿಡಿದರೆ 2,300. ಕೊಬ್ಬರಿ ಕೆಜಿಗೆ 250, ಅಂದರೆ ಒಂಬತ್ತು ಕೆಜಿ ಚಿಲ್ಲರೆ. ಕೆಜಿಗೆ ಏಳು ಕಾಯಿ ಅಂದರೂ ಅರವತ್ತರ ಮೇಲಾಯಿತು: ಒಂದು ಮರದ ವರ್ಷದ ಫಸಲು. "ಎರಡು ವರ್ಷದ ಹಿಂದೆ ಬಂದಿದ್ರೆ ಇದಕ್ಕೇ ಮೂರು ಮರ ಬೇಕಾಗ್ತಿತ್ತು" ಎಂದು ಲಿಫ್ಟಿನಲ್ಲಿ ಯಜಮಾನರು ಗಟ್ಟಿಯಾಗಿ ಘೋಷಿಸಿದಾಗ ಜತೆಗಿದ್ದ ವಿದೇಶಿ ದಂಪತಿ ನಕ್ಕು ತಲೆಯಾಡಿಸಿದರು. ಹೊರಗಿನ ನೋಟವನ್ನು ಹೊಗಳುತ್ತಿದ್ದಾರೆ ಎಂದುಕೊಂಡಿರಬೇಕು.

ಮೇಲಿಂದ ಮರ ಕಂಡಿತು. ಚೆನ್ನಾಗಿಯೇ ಕಂಡಿತು. ಕೆಲಸ ಶುರುವಾದದ್ದು 2001ರಲ್ಲಿ. ಸುರಿದ ಮರಳು ಸುಮಾರು 9.4 ಕೋಟಿ ಘನ ಮೀಟರ್. ಬೆನ್ನಿಗೇ ಮರುಭೂಮಿ ಇದ್ದರೂ ಆ ಮರಳು ಕೆಲಸಕ್ಕೆ ಬರಲಿಲ್ಲ. ಗಾಳಿಗೆ ಸವೆದು ನುಣ್ಣಗಾದದ್ದು, ಒಂದಕ್ಕೊಂದು ಕಚ್ಚಿಕೊಳ್ಳುವುದಿಲ್ಲ. ಮರಳುಗಾಡಿನವರು ಮರಳಿಗಾಗಿ ಸಮುದ್ರಕ್ಕೆ ಹೋದರು, ತಳದಿಂದ ಹೀರಿ ಹಡಗಿನಿಂದ ಕಾರಂಜಿಯ ಹಾಗೆ ಚಿಮ್ಮಿಸಿ ಗುಡ್ಡೆ ಮಾಡಿದರು. ಇದು ಯಜಮಾನರಿಗೆ ತಕ್ಷಣ ಹಿಡಿಸಿತು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ತೋಟಕ್ಕೆ ಗೋಡು ಹೊಡೆಸುವ ಕೆಲಸವನ್ನೇ ಇವರು ಸ್ವಲ್ಪ ದೊಡ್ಡದಾಗಿ ಮಾಡಿದ್ದಾರೆ ಎಂದು ಹೆಂಡತಿಗೆ ತಿಳಿಸಿ ಹೇಳಿದರು. ಆಮೇಲೆ ಗಾಜಿಗೆ ಬೆರಳಿಟ್ಟು ಗರಿ ಎಣಿಸಿದರು. ಮುಖ ಸಪ್ಪಗಾಯಿತು. "ಚೆನ್ನಾಗಿ ಸಾಕಿದ ತೆಂಗಿಗೆ ಮೂವತ್ತು ಗರಿಯಾದ್ರೂ ಇರ್ಬೇಕು. ಇದಕ್ಕೆ ಇಪ್ಪತ್ತೂ ಇಲ್ಲ. ಗೊಬ್ಬರ ಸಾಲ್ದು." ಇದು ಖರ್ಜೂರದ ಮರ, ತೆಂಗಲ್ಲ ಎಂದು ಡ್ರೈವರ್ ಸಮಾಧಾನ ಹೇಳಿದ. ಪಕ್ಕದಲ್ಲಿ ನಿಂತಿದ್ದ ಯಜಮಾನತಿ ಬಹಳ ಹೊತ್ತಿನಿಂದ ಒಳಗಿಟ್ಟುಕೊಂಡಿದ್ದ ಮಾತು ಆಗ ಹೊರಗೆ ಬಿತ್ತು. "ಅದೇ ಅಂದ್ಕೊಂಡೆ. ಏರ್‌ಪೋರ್ಟಿಂದ ನೋಡ್ತಾನೆ ಇದೀನಿ, ಈಚಲು ಮರಕ್ಕೆ ಇಷ್ಟೊಂದು ಮರ್ಯಾದೆನಾ?"

ಮರ್ಯಾದೆ ಇರುವುದು ನಿಜ. ದುಬೈಯ ರಸ್ತೆಬದಿಯ ಗಿಡಮರಗಳಿಗೆ ಶುದ್ಧೀಕರಿಸಿದ ಚರಂಡಿ ನೀರು ಬುಡಬುಡಕ್ಕೂ ಪೈಪಿನಲ್ಲಿ ಬರುತ್ತದೆ. ಹೇಮಾವತಿ ನಾಲೆಯಲ್ಲಿ ನೀರು ಬಿಟ್ಟರೋ ಇಲ್ಲವೋ ಎಂದು ಪೇಪರು ನೋಡಿ ಬದುಕುವ ಊರಿನವರು ಇದನ್ನು ಕಂಡು ಕರುಬಿದರೆ ತಪ್ಪಿಲ್ಲ.

ಬುರ್ಜ್ ಖಲೀಫಾ ಮುಂದೆ ಎಲ್ಲರೂ ಮಾಡುವುದನ್ನೇ ಇವರೂ ಮಾಡಿದರು. ಕತ್ತು ಹಿಂದಕ್ಕೆ ಬಾಗಿಸಿದರು, ಟವೆಲು ಕೆಳಗೆ ಬಿತ್ತು. 828 ಮೀಟರ್, ಅಂದರೆ 2,717 ಅಡಿ. ಬಾಗಿಲು ತೆರೆದದ್ದು 2010ರ ಜನವರಿ 4ರಂದು. ಡ್ರೈವರ್ ಬಾಯಿಪಾಠ ಒಪ್ಪಿಸಿ ಉದ್ಗಾರಕ್ಕೆ ಕಾದ. ಬಂದದ್ದು ಪ್ರಶ್ನೆ: "ಕೆಳಕ್ಕೆ ಎಷ್ಟು ಹೋಗಿದಾರೆ?" 192 ಕಂಬಗಳನ್ನು ಸುಮಾರು 50 ಮೀಟರ್ ಆಳಕ್ಕೆ ಇಳಿಸಿದ್ದಾರೆ. ಯಜಮಾನರು ಅದನ್ನು ಅಡಿಗೆ ತಿರುಗಿಸಿದರು. "ನೂರಾ ಅರವತ್ತೈದಡಿ. ಅಷ್ಟೇನಾ? ನಮ್ಮ ಬೀಗರು ಚಿಕ್ಕನಾಯಕನಹಳ್ಳೀಲಿ ಸಾವಿರದಡೀದು ಮೂರು ಬೋರು ಕೊರ್ಸಿದಾರೆ. ಮೂರನ್ನೂ ಕೂಡಿದ್ರೆ ಈ ಕಟ್ಟಡ ಪೂರ್ತಿ ಒಳಗೋಗಿ ಇನ್ನೂ ಜಾಗ ಮಿಗ್ತದೆ. ನೀರು ಮಾತ್ರ ಒಂದರಲ್ಲೂ ಬಂದಿಲ್ಲ."

ನೀರಿನ ಮಾತು ಬಂದದ್ದೇ ತಡ, ಡ್ರೈವರ್ ತನ್ನ ಬತ್ತಳಿಕೆಯ ಕೊನೆಯ ಬಾಣ ಬಿಟ್ಟ. ಈ ಕಟ್ಟಡದ ಎ.ಸಿ. ಯಂತ್ರಗಳ ತಂಪಿಗೆ ಕೊಲ್ಲಿಯ ತೇವದ ಗಾಳಿ ನೀರಾಗಿ ತೊಟ್ಟಿಕ್ಕುತ್ತದೆ. ವರ್ಷಕ್ಕೆ ಸುಮಾರು ಒಂದೂವರೆ ಕೋಟಿ ಗ್ಯಾಲನ್ ಹಾಗೆ ಸಿಗುತ್ತದೆ, ಅದನ್ನು ಹಿಡಿದು ಸುತ್ತಲ ತೋಟಕ್ಕೆ ಹಾಯಿಸುತ್ತಾರೆ. ಆ ದಿನ ಯಜಮಾನರ ಬಾಯಿಂದ "ಅಬ್ಬ!" ಎಂಬ ಶಬ್ದ ಹೊರಟದ್ದು ಇದೊಂದಕ್ಕೇ. ತಿಪಟೂರಿನಲ್ಲೂ ಹೀಗೆ ಮಾಡಬಾರದೇಕೆ ಎಂದು ಐದು ನಿಮಿಷ ಯೋಚಿಸಿ ತಾವೇ ಕೈಬಿಟ್ಟರು. ನಮ್ಮ ಗಾಳಿಯಲ್ಲಿ ಅಷ್ಟು ತೇವ ಎಲ್ಲಿ? ಇದ್ದಿದ್ದರೆ ಅಟ್ಟದ ಕಾಯಿಗೆ ಬೂಷ್ಟು ಹಿಡಿಯುತ್ತಿತ್ತು. ಗಾಳಿ ಒಣಗಿದ್ದರಿಂದಲೇ ಉಂಡೆ ಕೊಬ್ಬರಿಗೆ ತಿಪಟೂರು ಹೆಸರಾದದ್ದು.

ಇಷ್ಟರಲ್ಲಿ ಒಂದು ಗಡಿಬಿಡಿ ನಡೆಯಿತು. ಸೆಲ್ಫಿ ತೆಗೆಯುವವರ ಗುಂಪಿನಿಂದ ಯಜಮಾನರು ಕಾಣೆಯಾದರು. ಹುಡುಕಿದರೆ, ರಸ್ತೆಯಂಚಿನ ಖರ್ಜೂರದ ಮರವೊಂದನ್ನು ತಬ್ಬಿಕೊಂಡು, ಕಿವಿಯನ್ನು ಬೊಡ್ಡೆಗೆ ಒತ್ತಿ, ಕಣ್ಣು ಮುಚ್ಚಿ ನಿಂತಿದ್ದಾರೆ. ಕಾವಲಿನವನು ವಾಕಿಟಾಕಿ ಹಿಡಿದು ಓಡಿಬಂದ. ಡ್ರೈವರ್ ಅರಬ್ಬಿಯಲ್ಲೋ ಹಿಂದಿಯಲ್ಲೋ ಏನೋ ಹೇಳಿ ತಡೆದ. ಯಜಮಾನರು ಒಂದು ಬೆರಳೆತ್ತಿ ಎಲ್ಲರಿಗೂ ಸುಮ್ಮನಿರಲು ಸನ್ನೆ ಮಾಡಿದರು. ಕೆಂಪು ಮೂತಿ ಹುಳುವಿನ ಮರಿ ಒಳಗೆ ಕೂತು ತಿರುಳು ಕಡಿಯುವ ಕರಕರ ಸದ್ದು, ಕಿವಿ ಕೊಟ್ಟರೆ ಹೊರಕ್ಕೆ ಕೇಳುತ್ತದೆ. ನಮ್ಮ ಕಡೆ ತೆಂಗಿನ ತೋಟದವರೆಲ್ಲ ಬಲ್ಲ ಪರೀಕ್ಷೆ ಇದು. ಆ ಹುಳು ಏಷ್ಯಾದ ನಮ್ಮ ಭಾಗದ್ದೇ. 1980ರ ದಶಕದ ನಡುವಿನಲ್ಲಿ ಕೊಲ್ಲಿ ನಾಡುಗಳಿಗೆ ದಾಟಿ, ಖರ್ಜೂರಕ್ಕೆ ಹತ್ತಿ, ಅಲ್ಲಿಂದ ಮೆಡಿಟರೇನಿಯನ್ ತೀರದವರೆಗೂ ತೋಟಗಳನ್ನು ಕೆಡವಿತು. ವೀಸಾ ಕೇಳುವವರಿಲ್ಲದೆ ದುಬೈಗೆ ಬಂದು ನೆಲೆಸಿದ ಭಾರತೀಯ ಅದೊಂದೇ ಇರಬೇಕು. ಸ್ವಲ್ಪ ಹೊತ್ತಿನ ಮೇಲೆ ಯಜಮಾನರು ಮರ ಬಿಟ್ಟು "ಏನಿಲ್ಲ, ಚೆನ್ನಾಗಿದೆ" ಎಂದು ಕಾವಲಿನವನ ಬೆನ್ನು ತಟ್ಟಿದರು. ಅವನಿಗೆ ಏನೂ ಅರ್ಥವಾಗದಿದ್ದರೂ ನಿರಾಳವಾದಂತೆ ಕಂಡ.

ಖೋರ್ ಎಂಬ ಹಿನ್ನೀರಿನ ದಡದಲ್ಲಿ ಹಳೆಯ ದುಬೈ ಸಿಕ್ಕಿತು. ದೇರಾದಿಂದ ಬರ್ ದುಬೈಗೆ ದೋಣಿಯಲ್ಲಿ ದಾಟಲು ತಲೆಗೆ ಒಂದೇ ದಿರ್ಹಮ್. ಯಜಮಾನರ ಲೆಕ್ಕದಲ್ಲಿ ಒಂದು ಉಂಡೆ ಕೊಬ್ಬರಿ ಕೊಟ್ಟರೆ ದೋಣಿಯವನೇ ಚಿಲ್ಲರೆ ವಾಪಸು ಕೊಡಬೇಕು. 1966ರವರೆಗೆ ಇಲ್ಲಿ ಓಡುತ್ತಿದ್ದುದು ರೂಪಾಯಿಯೇ, 1959ರಿಂದ ನಮ್ಮ ರಿಸರ್ವ್ ಬ್ಯಾಂಕ್ ಕೊಲ್ಲಿಗೆಂದೇ ಬೇರೆ ನೋಟು ಅಚ್ಚು ಹಾಕಿಸುತ್ತಿತ್ತು ಎಂದು ಡ್ರೈವರ್ ಹೇಳಿದಾಗ, "ಥೂ, ಆಗಲೇ ಬರ್ಬೇಕಿತ್ತು, ಗುಣಿಸೋ ಕೆಲಸ ತಪ್ಪೋದು" ಎಂದರು.

ಈ ಸಮುದ್ರದ ಹಳೆಯ ಹಡಗುಗಳಿಗೆ ಮೊಳೆ ಇರಲಿಲ್ಲ. ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರು. ಹುರಿ ಹೋಗುತ್ತಿದ್ದುದು ಬಹುಮಟ್ಟಿಗೆ ನಮ್ಮ ಪಶ್ಚಿಮ ಕರಾವಳಿ ಮತ್ತು ದ್ವೀಪಗಳಿಂದ. ಹದಿನಾಲ್ಕನೇ ಶತಮಾನದಲ್ಲಿ ಇಬ್ನ್ ಬತೂತ ಒಮಾನಿನ ದೋಫಾರ್ ಕಡೆ ತೆಂಗನ್ನು ಕಂಡು, ಕಾಯಿಗೆ ಮನುಷ್ಯನ ತಲೆಯಂತೆ ಕಣ್ಣು ಬಾಯಿ ಇವೆ ಎಂದು ಬೆರಗಾಗಿ ಬರೆದ. ಅವನ ಹೆಸರಿನಲ್ಲಿ ದುಬೈಯಲ್ಲಿ ಈಗ ಒಂದು ಮಾಲ್ ಇದೆ. ಅವನಿಗಿಂತ ಮೊದಲು ಬಂದ ಮಾರ್ಕೊ ಪೋಲೋ ಮಾತ್ರ ಹೊರ್ಮುಜಿನಲ್ಲಿ ಈ ಹೊಲಿದ ಹಡಗುಗಳನ್ನು ನೋಡಿ ನಂಬುವಂತಿಲ್ಲ ಎಂದು ಹಳಿದ. ಡ್ರೈವರ್ ಬಾಯಲ್ಲಿ ಇದನ್ನು ಕೇಳಿ ಯಜಮಾನರಿಗೆ ವೈಯಕ್ತಿಕವಾಗಿ ನೋವಾಯಿತು. "ನಾರು ಸರಿಯಾಗಿ ಕೊಳೆ ಹಾಕಿರಲ್ಲ, ಅದಕ್ಕೆ."

ಚಿನ್ನದ ಸೂಕಿನಲ್ಲಿ, ಅಂದರೆ ಪೇಟೆಯಲ್ಲಿ, ಮೌನ ಯಜಮಾನರದು, ಲೆಕ್ಕ ಯಜಮಾನತಿಯದು. 64 ಕೆಜಿಯಷ್ಟು ತೂಗುವ ಉಂಗುರವೊಂದನ್ನು ಗಾಜಿನೊಳಗೆ ಇಟ್ಟಿದ್ದರು. ಮನುಷ್ಯರ ತೂಕದ್ದು. ಅದನ್ನು ಬಿಟ್ಟು ಅವರು ಸಣ್ಣ ಓಲೆಯೊಂದರ ಬೆಲೆ ಕೇಳಿ, ಕ್ವಿಂಟಲ್ಲಿಗೆ ಭಾಗಿಸಿ, ನಿಟ್ಟುಸಿರು ಬಿಟ್ಟರು. ಕೊಬ್ಬರಿಗೆ ರೇಟು ಬಂದ ವರ್ಷವೇ ಚಿನ್ನಕ್ಕೂ ಬರಬೇಕೇ?

ನಾಲ್ಕು ಗಂಟೆ ಮುಗಿದಿತ್ತು. ಮೀರಿದರೆ ಗಂಟೆಗೆ ಇಷ್ಟೆಂದು ಜಾಸ್ತಿ ದುಡ್ಡು. ಡ್ರೈವರ್ ಪಾರ್ಕಿಂಗ್‌ನಲ್ಲಿ ಗಾಡಿ ನಿಲ್ಲಿಸಿ, ಗಡಿಯಾರ ನೋಡಿ, ತಲೆ ಕೆರೆದುಕೊಂಡ.

"ಸಾರ್, ಮನೆ ಹಿಂದೆ ನಾಲ್ಕು ತೆಂಗು ಉಂಟು. ಒಂದರ ಬೊಡ್ಡೆಯಿಂದ ಕೆಂಪಗೆ ನೀರು ಸೋರ್ತದೆ. ಅಮ್ಮ ದಿನಾ ಫೋನಿನಲ್ಲಿ ಅದನ್ನೇ ಹೇಳೋದು."

"ಫೋನ್ ಹಚ್ಚು."

ಮಂಜೇಶ್ವರದ ತಾಯಿ ವಿಡಿಯೋದಲ್ಲಿ ಬಂದರು. ಮೊದಲು ಅವರ ಕಿವಿ ಕಂಡಿತು, ಆಮೇಲೆ ಆಕಾಶ, ಆಮೇಲೆ ಒಂದು ಕೋಳಿ. ಯಜಮಾನರು ಫೋನನ್ನು ಎರಡೂ ಕೈಯಲ್ಲಿ ಹಿಡಿದು ದುಬೈ ಪೂರ್ತಿ ಕೇಳುವಂತೆ ಹೇಳತೊಡಗಿದರು: ಸೋರಿದ ಜಾಗ ಉಳಿಯಲ್ಲಿ ಕೆತ್ತಿ ತೆಗೀರಿ, ಬೋರ್ಡೊ ಮುಲಾಮು ಹಚ್ಚಿ, ಬುಡಕ್ಕೆ ಐದು ಕೆಜಿ ಬೇವಿನ ಹಿಂಡಿ ಹಾಕಿ, ನೀರು ನಿಲ್ಲೋಕೆ ಬಿಡಬೇಡಿ. ಹಿಂದಿನ ಸೀಟಿನಿಂದ ಯಜಮಾನತಿ ಹುರಿಗಾಳಿನ ಪೊಟ್ಟಣ ಬಿಚ್ಚಿ ಮುಂದಕ್ಕೆ ಚಾಚಿದರು. ಹೆಚ್ಚುವರಿ ಗಂಟೆಯ ದುಡ್ಡಿನ ಮಾತನ್ನು ಯಾರೂ ಎತ್ತಲಿಲ್ಲ.

"ಹಂಗಲ್ಲ ಕಣಮ್ಮ, ಕೋಳಿ ಬೇಡ, ಇನ್ನೊಂದು ಸ್ವಲ್ಪ ಮೇಲಕ್ಕೆ ಹಿಡೀರಿ. ಸುಳಿ ತೋರ್ಸಿ, ಸುಳಿ!"