ಶ್ರೀ ಶೇಕಡಾ ಐವತ್ತು ಅವರ ಸನ್ನಿಧಾನಕ್ಕೆ

ವಿಷಯ: ರಸ್ತೆ ಸಾವುಗಳನ್ನು ಅರ್ಧಕ್ಕಿಳಿಸುವ ಗುರಿಯಾದ ತಮಗೆ ಎರಡನೇ ಬಾರಿ ಸೇವಾವಧಿ ವಿಸ್ತರಣೆಯಾದ ಪ್ರಯುಕ್ತ ಅಭಿನಂದನೆ ಸಲ್ಲಿಸುವ ಕುರಿತು.
ಉಲ್ಲೇಖ: ಬ್ರೆಸಿಲಿಯಾ, 2015. ಸ್ಟಾಕ್‌ಹೋಮ್, 2020. ಲೋಕಸಭೆ, ಡಿಸೆಂಬರ್ 2024.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಸೇವಾ ಪುಸ್ತಕವನ್ನು ತಿರುವಿ ನೋಡಿದೆ. 2015ರ ನವೆಂಬರಿನಲ್ಲಿ ಬ್ರೆಜಿಲ್ ರಾಜಧಾನಿ ಬ್ರೆಸಿಲಿಯಾದಲ್ಲಿ ನಡೆದ ರಸ್ತೆ ಸುರಕ್ಷತಾ ಸಮ್ಮೇಳನದಲ್ಲಿ ಭಾರತ ತಮ್ಮನ್ನು ಕೆಲಸಕ್ಕೆ ತೆಗೆದುಕೊಂಡಿತು. ರಸ್ತೆ ಸಾವುಗಳನ್ನು 2020ರೊಳಗೆ ಅರ್ಧ ಮಾಡತಕ್ಕದ್ದು ಎಂದು ಆದೇಶದಲ್ಲಿ ಸ್ಪಷ್ಟವಾಗಿಯೇ ಇತ್ತು. 2015ರಲ್ಲಿ ನಮ್ಮ ದೇಶದ ಲೆಕ್ಕ 1,46,133. ತಾವು ಅಧಿಕಾರ ವಹಿಸಿಕೊಂಡ ಮರುವರ್ಷವೇ ಅದು ಒಂದೂವರೆ ಲಕ್ಷ ದಾಟಿತು. ಹೊಸದಾಗಿ ಬಂದವರು, ಹೊಂದಿಕೊಳ್ಳಲು ಸಮಯ ಬೇಕು ಎಂದು ಎಲ್ಲರೂ ಸುಮ್ಮನಿದ್ದೆವು.

ಆಮೇಲೆ 2020 ಬಂತು, ಜೊತೆಗೆ ಕೊರೊನಾ ಬಂತು. ದೇಶಕ್ಕೆ ದೇಶವೇ ತಿಂಗಳುಗಟ್ಟಲೆ ಬಾಗಿಲು ಹಾಕಿಕೊಂಡು ಕೂತಿತು. ಅಷ್ಟು ಕಟ್ಟುನಿಟ್ಟಿನ ರಸ್ತೆ ಸುರಕ್ಷತಾ ಕ್ರಮವನ್ನು ಯಾವ ಸರ್ಕಾರವೂ ಕನಸಿನಲ್ಲಿ ಸಹ ಯೋಚಿಸಲಾರದು. ಆ ವರ್ಷವೂ 1 ಲಕ್ಷ 30 ಸಾವಿರಕ್ಕೂ ಹೆಚ್ಚು ಜನ ರಸ್ತೆಯ ಮೇಲೆಯೇ ಹೋದರು. ಬೇರೆ ಯಾರಾದರೂ ಆಗಿದ್ದರೆ ಕಾರಣ ಕೇಳಿ ನೋಟಿಸ್ ಬರುತ್ತಿತ್ತು, ಒಂದು ಬಡ್ತಿಯಾದರೂ ತಪ್ಪುತ್ತಿತ್ತು. ತಮಗೆ 2024ರ ಕೊನೆಯವರೆಗೆ ಅವಧಿ ಸಿಕ್ಕಿತು. 2022ರಲ್ಲಿ 1,68,491 ಆಯಿತು, 2023ರಲ್ಲಿ 1 ಲಕ್ಷ 72 ಸಾವಿರ ದಾಟಿತು. ಈಗ ತಾವು 2030ರವರೆಗೆ ಇರುತ್ತೀರಿ ಎಂದು ತಿಳಿದು ಸಂತೋಷವಾಯಿತು.

ಕೇಂದ್ರ ಸಚಿವ ನಿತಿನ್ ಗಡ್ಕರಿಯವರು 2024ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ನಿಂತು, ಸಾವು ಇಳಿಯುವುದಿರಲಿ, ಏರಿದೆ ಎಂದು ಒಪ್ಪಿಕೊಂಡರು. ಹೊರದೇಶದ ಸಭೆಗಳಲ್ಲಿ ಈ ಮಾತು ಬಂದಾಗ ಮುಖ ಮುಚ್ಚಿಕೊಳ್ಳಲು ನೋಡುತ್ತೇನೆ ಎಂದೂ ಹೇಳಿದರು. ವ್ಯಂಗ್ಯ ಬದಿಗಿಟ್ಟು ಹೇಳುತ್ತೇನೆ, ಆ ಮಾತಿಗೆ ನನಗೆ ಗೌರವವಿದೆ. ಗುರಿ ತಪ್ಪಿದ್ದು ತಾವು, ನಾಚಿಕೆಪಟ್ಟಿದ್ದು ಅವರು.

ತಮ್ಮಲ್ಲಿ ಒಂದು ಸಂದೇಹ ಕೇಳಬಹುದೆ? ತಾವು ಯಾವ ವರ್ಷದ ಅರ್ಧ? 2015ರ ಅರ್ಧವೆಂದರೆ 73 ಸಾವಿರ ಚಿಲ್ಲರೆ. 2023ರ ಅರ್ಧವೆಂದರೆ 86 ಸಾವಿರ ಚಿಲ್ಲರೆ. ಅಂದರೆ ಕೆಲಸ ಮಾಡದೆ ಕಾದು ಕೂತದ್ದಕ್ಕೆ ತಮಗೆ 13 ಸಾವಿರ ಹೆಣಗಳ ರಿಯಾಯಿತಿ ಸಿಕ್ಕಿದೆ. ಇಡೀ ಕರ್ನಾಟಕದಲ್ಲಿ ಒಂದು ವರ್ಷಕ್ಕೆ ರಸ್ತೆಯಲ್ಲಿ ಸಾಯುವವರೂ ಹೆಚ್ಚೂಕಡಿಮೆ ಅಷ್ಟೇ ಮಂದಿ. ಇನ್ನೊಂದೆರಡು ವಿಸ್ತರಣೆ ಸಿಕ್ಕರೆ 2015ರ ಒಟ್ಟು ಸಂಖ್ಯೆಯನ್ನೇ ಸಾಧನೆ ಎಂದು ತೋರಿಸಬಹುದು.

ತಮ್ಮ ಆದೇಶ ಕರ್ನಾಟಕದಲ್ಲಿ ಜಾರಿಯಾಗಲೇ ಇಲ್ಲ ಎಂದು ಯಾರಾದರೂ ದೂರಿದರೆ ದಯವಿಟ್ಟು ನಂಬಬೇಡಿ. 2019ರ ಸೆಪ್ಟೆಂಬರಿನಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ಬಂದು, ಹೆಲ್ಮೆಟ್ ಇಲ್ಲದಿದ್ದರೆ ಸಾವಿರ ರೂಪಾಯಿ ದಂಡ ಎಂದಿತು. ಅದೇ ತಿಂಗಳು ನಮ್ಮ ರಾಜ್ಯ ಅದನ್ನು ಐನೂರು ಮಾಡಿತು. ಸೀಟ್ ಬೆಲ್ಟ್‌ಗೂ ಸಾವಿರ ಹೋಗಿ ಐನೂರು. ಸರಿಯಾಗಿ ಶೇಕಡಾ ಐವತ್ತು! 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಶೇಕಡಾ ಐವತ್ತು ರಿಯಾಯಿತಿ ಘೋಷಿಸಿದಾಗಲಂತೂ ಆಷಾಢದ ಸೀರೆ ಸೇಲ್‌ನಂತೆ ಜನ ಮುಗಿಬಿದ್ದರು. ಕೆಲವೇ ದಿನಗಳಲ್ಲಿ ನೂರು ಕೋಟಿಗೂ ಹೆಚ್ಚು ಸಂಗ್ರಹವಾಯಿತು. ಆ ಯಶಸ್ಸು ನೋಡಿ ಮತ್ತೆ ಮತ್ತೆ ಕೊಟ್ಟರು, 2025ರ ಆಗಸ್ಟಿನಲ್ಲೂ ಕೊಟ್ಟರು. ಸಿಗ್ನಲ್ ಹಾರಿದವನಿಗೆ ಈಗ ವ್ಯವಹಾರ ಗೊತ್ತಾಗಿದೆ. ತಕ್ಷಣ ಕಟ್ಟುವವನು ದಡ್ಡ, ಕಾಯುವವನು ಜಾಣ. ಇನ್ನು ನಮ್ಮ ಸವಾರರ ತಲೆಯ ಮೇಲೆ ನೋಡಿ: ಕಿವಿಯವರೆಗೂ ಬರದ, ಬೋಗುಣಿಯಂಥ ಹಾಫ್ ಹೆಲ್ಮೆಟ್. ತಮಗೆ ಇದಕ್ಕಿಂತ ನಿಷ್ಠೆಯ ಭಕ್ತರು ಬೇರೆಲ್ಲಿ ಸಿಗುತ್ತಾರೆ?

ನೆರೆಯ ತಮಿಳುನಾಡಿನವರು ಇನ್ನೂ ಮುಂದೆ ಹೋಗಿದ್ದರು. 2016ರಲ್ಲಿ 17,218 ಇದ್ದ ಸಾವು 2019ಕ್ಕೆ 10,525ಕ್ಕೆ ಇಳಿಯಿತು ಎಂದು ಕೇಂದ್ರದ ವರದಿಯಲ್ಲಿ ಅಚ್ಚಾಯಿತು. ದೆಹಲಿಯಿಂದ ಶಹಬ್ಬಾಸ್‌ಗಿರಿ ಬಂತು. ಬೇರೆ ರಾಜ್ಯಗಳಿಗೆ ‘ಅವರನ್ನು ನೋಡಿ ಕಲಿಯಿರಿ’ ಎಂಬ ಬುದ್ಧಿವಾದವೂ ಬಂತು. ಆಮೇಲಿನ ವರ್ಷಗಳ ವರದಿಯಲ್ಲಿ ಅದೇ 2019ರ ಅಂಕಿ ಪರಿಷ್ಕೃತಗೊಂಡು 18 ಸಾವಿರದ ಮೇಲೆ ನಿಂತಿತ್ತು. ಏಳು ಸಾವಿರಕ್ಕೂ ಹೆಚ್ಚು ಮಂದಿ ಮೊದಲು ಕಾಗದದ ಮೇಲೆ ಬದುಕಿ, ನಂತರ ಕಾಗದದ ಮೇಲೇ ಸತ್ತರು. ಗುರಿಯೊಂದನ್ನು ತಲುಪಲು ರಸ್ತೆಗಿಂತ ಲೆಕ್ಕದ ಪುಸ್ತಕ ಹತ್ತಿರದ ದಾರಿ ಎಂಬುದು ತಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ತಮ್ಮ ಮೇಲಧಿಕಾರಿ ಯಾರು ಎಂದು ಹುಡುಕಲು ಹೊರಟೆ. ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ ಎಂಬುದೊಂದಿದೆ, ಜಿಲ್ಲಾಧಿಕಾರಿಗಳು ಅದರ ಅಧ್ಯಕ್ಷರು. ಅಲ್ಲಿ ಬೀದಿ ದೀಪದ ಮಾತೆತ್ತಿದರೆ ಅದು ಪಂಚಾಯಿತಿಗೆ ಸೇರಿದ್ದು, ರಸ್ತೆ ಹೆದ್ದಾರಿ ಪ್ರಾಧಿಕಾರದ್ದು, ರಸ್ತೆಯಂಚಿನ ಮರ ಅರಣ್ಯ ಇಲಾಖೆಯದು, ಕಂಬ ವಿದ್ಯುತ್ ಕಂಪನಿಯದು. ಸತ್ತವನು ಮಾತ್ರ ಯಾವ ಇಲಾಖೆಗೂ ಸೇರಿದವನಲ್ಲ. ಗೋಡಂಬಿ ಬಿಸ್ಕತ್ತು, ಚಹಾ, ನಡಾವಳಿ, ಮುಂದಿನ ಸಭೆಯ ದಿನಾಂಕ. ಅಲ್ಲೆಲ್ಲೂ ತಾವು ಕಾಣಲಿಲ್ಲ. ಈ ಜಿಲ್ಲೆಯಲ್ಲಿ ಈ ವರ್ಷ ಇಷ್ಟು ಸಾವು ಇಳಿಯಬೇಕು, ಇಳಿಯದಿದ್ದರೆ ಇಂಥವರು ಉತ್ತರ ಕೊಡಬೇಕು ಎಂಬ ಒಂದು ಸಾಲೂ ಯಾವ ಹಾಳೆಯಲ್ಲೂ ಇರಲಿಲ್ಲ.

ಹೊಣೆ ಹೊರುವವನೊಬ್ಬ ಇದ್ದೇ ಇರುತ್ತಾನೆ ಎನ್ನಿ. ಯಾವ ಠಾಣೆಗೆ ಹೋಗಿ ಎಫ್‌ಐಆರ್ ನೋಡಿದರೂ ‘ಅತಿವೇಗ ಹಾಗೂ ಅಜಾಗರೂಕತೆಯಿಂದ ಚಲಾಯಿಸಿ’ ಎಂದೇ ಶುರು. ಇಂಥ ಎಫ್‌ಐಆರ್‌ಗಳನ್ನೇ ಕೂಡಿಸಿ, ಹತ್ತರಲ್ಲಿ ಏಳು ಸಾವಿಗೆ ಅತಿವೇಗವೇ ಕಾರಣ ಎಂದು ದೆಹಲಿ ಪ್ರತಿವರ್ಷ ಪುಸ್ತಕ ತರುತ್ತದೆ. ವೇಗ ಕೊಲ್ಲುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೋರ್ಡಿಲ್ಲದ ಡೈವರ್ಷನ್, ಬಣ್ಣ ಕಾಣದ ಹಂಪ್, ಹಳ್ಳಿಯ ನಡುವೆ ಹಾದ ಆರು ಪಥ, ಇವೆಲ್ಲ ಆ ಪುಸ್ತಕದಲ್ಲಿ ಸವಾರನ ಅಜಾಗರೂಕತೆಯೊಳಗೇ ಕರಗಿಹೋಗುತ್ತವೆ. ರಸ್ತೆ ಕಟ್ಟಿದವರನ್ನೂ ಶಿಕ್ಷಿಸಬೇಕೆಂದು 2019ರ ತಿದ್ದುಪಡಿಯಲ್ಲಿ 198ಎ ಎಂಬ ಕಲಮು ಸೇರಿತು. ವಿನ್ಯಾಸ, ನಿರ್ಮಾಣ, ನಿರ್ವಹಣೆಯ ಮಾನದಂಡ ಮೀರಿ ಜನ ಸತ್ತರೆ ಗುತ್ತಿಗೆದಾರನಿಗೆ ಗರಿಷ್ಠ ಒಂದು ಲಕ್ಷ ರೂಪಾಯಿ ದಂಡ. ಗರಿಷ್ಠ, ನೆನಪಿರಲಿ. ಅದಕ್ಕೆ ಇನ್ನೂ ಐವತ್ತು ಪರ್ಸೆಂಟ್ ರಿಯಾಯಿತಿ ಘೋಷಣೆಯಾಗಿಲ್ಲ ಎಂಬುದೇ ಸಮಾಧಾನ.

ರಸ್ತೆಗೂ ಅರ್ಹತಾ ಪರೀಕ್ಷೆಯಿದೆ. ರಾಷ್ಟ್ರೀಯ ಹೆದ್ದಾರಿಯ 500 ಮೀಟರ್ ಜಾಗ ಬ್ಲ್ಯಾಕ್‌ಸ್ಪಾಟ್ ಅನ್ನಿಸಿಕೊಳ್ಳಬೇಕಾದರೆ ಮೂರು ವರ್ಷದಲ್ಲಿ ಸಾವು ಅಥವಾ ಗಂಭೀರ ಗಾಯದ ಐದು ಅಪಘಾತವಾಗಬೇಕು, ಇಲ್ಲವೇ ಹತ್ತು ಮಂದಿ ಸಾಯಬೇಕು. ನಾಲ್ಕೇ ಅಪಘಾತದಲ್ಲಿ ಒಂಬತ್ತು ಜನ ಸತ್ತ ತಿರುವು ಇನ್ನೂ ಸರದಿಯಲ್ಲಿ ನಿಂತಿರಬೇಕು.

ಸಾವು ಇಳಿಸಲು ಆಗುವುದೇ ಇಲ್ಲ ಎಂದಲ್ಲ. ಬೆಂಗಳೂರು–ಮೈಸೂರು ಹೆದ್ದಾರಿ 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಮೇಲೆ ಹೆಣಗಳು ಬಿದ್ದವು. ಆಗಸ್ಟಿನಿಂದ ಬೈಕು, ಆಟೊ, ಟ್ರ್ಯಾಕ್ಟರುಗಳನ್ನು ಮುಖ್ಯ ರಸ್ತೆಯಿಂದ ಇಳಿಸಿದರು, ವೇಗಕ್ಕೆ ನೂರರ ಮಿತಿ ಹಾಕಿದರು, ಕ್ಯಾಮೆರಾ ಕಟ್ಟಿದರು. ಸಾವು ಇಳಿಯಿತು. ಈ ಕೆಲಸಕ್ಕೆ ತಮ್ಮನ್ನು ಯಾರೂ ಕರೆದಂತಿಲ್ಲ.

ಸ್ಟಾಕ್‌ಹೋಮಿನ 2020ರ ಸಮ್ಮೇಳನಕ್ಕೆ ಹೋಗಿದ್ದಾಗ ತಮ್ಮ ದೊಡ್ಡಪ್ಪನ ಮಗ ಶ್ರೀ ಸೊನ್ನೆಯವರನ್ನು ಕಂಡಿರಬೇಕು. ರಸ್ತೆ ಸಾವು ಸೊನ್ನೆಯಾಗಬೇಕೆಂದು ಸ್ವೀಡನ್ ಸಂಸತ್ತು 1997ರಲ್ಲೇ ಅವರನ್ನು ನೇಮಿಸಿಕೊಂಡಿತು. ಮನುಷ್ಯ ತಪ್ಪು ಮಾಡಿಯೇ ಮಾಡುತ್ತಾನೆ, ಆ ತಪ್ಪಿಗೆ ಮರಣದಂಡನೆ ವಿಧಿಸದ ರಸ್ತೆ ಕಟ್ಟುವುದು ಕಟ್ಟುವವನ ಹೊಣೆ ಎಂಬುದು ಅವರ ಹಟ. ಎದುರುಬದುರು ಬರುವ ವಾಹನಗಳ ನಡುವೆ ಉಕ್ಕಿನ ಹಗ್ಗದ ತಡೆ ಎಳೆದರು, ಕೂಡುರಸ್ತೆಗಳಲ್ಲಿ ವೃತ್ತ ಮಾಡಿದರು, ಮನೆಗಳಿರುವ ಕಡೆ ವೇಗವನ್ನು 30ಕ್ಕೆ ಇಳಿಸಿದರು. ಆಗ ವರ್ಷಕ್ಕೆ ಐನೂರು ದಾಟುತ್ತಿದ್ದ ಸಾವು ಈಗ ಅದರ ಅರ್ಧಕ್ಕಿಂತಲೂ ಕಡಿಮೆ. ಸೊನ್ನೆಯವರು ಇನ್ನೂ ಊರು ಮುಟ್ಟಿಲ್ಲ, ಆದರೆ ಹೋಗುವ ದಾರಿಯಲ್ಲಿ ತಮ್ಮನ್ನು ಹಿಂದೆ ಹಾಕಿದ್ದಾರೆ.

ನನ್ನದು ಒಂದೇ ಅರ್ಜಿ. ನಮ್ಮಲ್ಲಿ ರಸ್ತೆಯೊಂದು ಉದ್ಘಾಟನೆಯಾದರೆ ಕರಿ ಗ್ರಾನೈಟ್ ಫಲಕ ನಿಲ್ಲುತ್ತದೆ. ಘನ ಉಪಸ್ಥಿತಿ, ಅಧ್ಯಕ್ಷತೆ, ವಿಶೇಷ ಆಹ್ವಾನಿತರು, ಕಾರ್ಯಪಾಲಕ ಇಂಜಿನಿಯರ್, ಗುತ್ತಿಗೆದಾರರು, ಎಲ್ಲರ ಹೆಸರೂ ಚಿನ್ನದ ಬಣ್ಣದಲ್ಲಿರುತ್ತವೆ. ಅದರ ಕೆಳಗೆ ಒಂದಿಷ್ಟು ಜಾಗ ಬಿಡಿಸಿ ಪ್ರತಿವರ್ಷ ಜನವರಿಯಲ್ಲಿ ಎರಡೇ ಅಂಕಿ ಕೆತ್ತಿಸಿ: ಈ ರಸ್ತೆಯಲ್ಲಿ ಹೋದ ವರ್ಷ ಸತ್ತವರು ಇಷ್ಟು, ಈ ವರ್ಷ ಮೀರಬಾರದ ಮಿತಿ ಇಷ್ಟು. ಹೇಗೂ ಆಗ ರಸ್ತೆ ಸುರಕ್ಷತಾ ಕಾರ್ಯಕ್ರಮ ಇದ್ದೇ ಇರುತ್ತದೆ. ಮೊದಲು ಸಪ್ತಾಹವಿತ್ತು, ಈಗ ಅದು ಮಾಸವಾಗಿದೆ, ಕೆತ್ತಲು ಪುರಸೊತ್ತೂ ಧಾರಾಳ. ಹೊಸ ಹೆಸರು ಸೇರಿಸಬೇಕಿಲ್ಲ, ಮೇಲಿರುವ ಹೆಸರುಗಳೇ ಸಾಕು.

ಸದರಿ ಅರ್ಜಿಯನ್ನು 2030ರೊಳಗೆ, ತಪ್ಪಿದಲ್ಲಿ ಮುಂದಿನ ವಿಸ್ತರಣೆಯೊಳಗೆ, ಪರಿಶೀಲಿಸಬೇಕಾಗಿ ವಿನಂತಿ.

ಇತಿ ತಮ್ಮ ವಿಶ್ವಾಸಿ,
ಗುಂಡಿ ತಪ್ಪಿಸಲು ಲಾರಿಯ ಪಕ್ಕಕ್ಕೆ ಸರಿದಿರುವ ಒಬ್ಬ ಬೈಕ್ ಸವಾರ

ಪ್ರತಿ:
1. ಲೋಕೋಪಯೋಗಿ ಇಲಾಖೆ, ಹೆದ್ದಾರಿ ಪ್ರಾಧಿಕಾರಕ್ಕೆ ಕಳುಹಿಸುವ ಸಲುವಾಗಿ.
2. ಹೆದ್ದಾರಿ ಪ್ರಾಧಿಕಾರ, ಲೋಕೋಪಯೋಗಿ ಇಲಾಖೆಗೆ ಕಳುಹಿಸುವ ಸಲುವಾಗಿ.