ನಲ್ಲಿ ನೀರು ಮಡಿಗೆ ಬರೋಲ್ಲ

ಪ್ರೋಗ್ರಾಮುಗಳನ್ನು ತೋಟದ ಪೈಪುಗಳ ಹಾಗೆ ಒಂದಕ್ಕೊಂದು ಸಿಕ್ಕಿಸುವಂತಿರಬೇಕು ಎಂದು ಬೆಲ್ ಲ್ಯಾಬ್ಸ್‌ನ ಡಗ್ ಮೆಕಿಲ್‌ರಾಯ್ 1964ರಲ್ಲೇ ಟಿಪ್ಪಣಿ ಬರೆದಿಟ್ಟಿದ್ದರು. ಕೆನ್ ಥಾಂಪ್ಸನ್ ಒಂದೇ ರಾತ್ರಿ ಕೂತು ಯುನಿಕ್ಸ್‌ಗೆ ಪೈಪು ಹಾಕಿಕೊಟ್ಟದ್ದು 1973ರಲ್ಲಿ. ಅರ್ಜಿಗೆ ಒಂಬತ್ತು ವರ್ಷ, ಕೆಲಸಕ್ಕೆ ಒಂದು ರಾತ್ರಿ. ನಲ್ಲಿ ಸಂಪರ್ಕದ ಹಣೆಬರಹ ಎಲ್ಲ ಕಡೆಯೂ ಒಂದೇ.

ಲಿಸ್ಪ್ ಎಂಬ ಪ್ರೋಗ್ರಾಮಿಂಗ್ ಭಾಷೆ ಈ ಪೈಪಿಗಿಂತ ಹಿರಿಯಳು. 1958ರಲ್ಲಿ ಜಾನ್ ಮೆಕಾರ್ಥಿ ಹುಟ್ಟುಹಾಕಿದ್ದು. ವಾಷರಿನಲ್ಲಿ ಚರ್ಮವಿದೆ, ನಲ್ಲಿ ನೀರು ಮಡಿಗೆ ಬರೋಲ್ಲ ಎಂದು ಕೊಡ ಹಿಡಿದು ಬಾವಿಗೇ ಹೋಗುತ್ತಿದ್ದ ಅಜ್ಜಿಯರ ಪೈಕಿ. ಮೈತುಂಬ ಬ್ರಾಕೆಟ್ಟು ಸುತ್ತಿಕೊಂಡೇ ಓಡಾಟ.

ನಮ್ಮ ಅಪಾರ್ಟ್‌ಮೆಂಟಿನ ಟ್ಯಾಂಕರ್ ನೀರಿನ ಲೆಕ್ಕ ನನ್ನ ತಲೆಗೆ ಕಟ್ಟಿದ್ದಾರೆ. ಗ್ರೆಪ್ ಹಾಕಿ ಈ ತಿಂಗಳ ಸಾಲುಗಳನ್ನು ಹೆಕ್ಕಿ, ಕಟ್ ಹಾಕಿ ಮೊತ್ತದ ಕಾಲಂ ಉಳಿಸಿಕೊಂಡು, ಪೈಪಿನ ತುದಿಯನ್ನು ಕಾಮನ್ ಲಿಸ್ಪ್ ಬಾಯಿಗೆ ಹಿಡಿದೆ. ‘ಆಕ್‌ನಲ್ಲಿ ಒಂದೇ ಸಾಲು ಸಾಕಲ್ಲ ಅಪ್ಪ’ ಎಂದ ಮಗ. ಸಾಕು, ಯಾರು ಇಲ್ಲ ಅಂದರು? ಚಟ ಅನ್ನುವುದೂ ಒಂದಿರುತ್ತದಲ್ಲ!

‘ರೀಡ್’ ಎಂದರೆ ಅಜ್ಜಿ ಬಂದದ್ದನ್ನೆಲ್ಲ ತನ್ನ ಮನೆಯ ಕೋಡೇ ಎಂದುಕೊಂಡು ಓದುತ್ತಾಳೆ. 1,250 ಬಂತು. 1 ಓದಿದಳು. ಮುಂದಿನದು ಓದಲು ಹೋದರೆ ಕಾಮಾ! ಬ್ಯಾಕ್‌ಕೋಟಿನ ಹೊರಗೆ ಕಾಮಾಗೇನು ಕೆಲಸ ಎಂದು ರಂಪ. ಡೇಟಾದಲ್ಲಿ ಯಾರಾದರೂ ಕಿಡಿಗೇಡಿ ಹ್ಯಾಶು-ಚುಕ್ಕಿ ಹಾಕಿ ಅದರ ಮುಂದೆ ಕೋಡು ಬರೆದಿದ್ದರಂತೂ ಓದುವಾಗಲೇ ಅದನ್ನು ನಡೆಸಿಬಿಡುತ್ತಾಳೆ. ಇಷ್ಟು ಮಡಿಯವಳು ಅಪರಿಚಿತರನ್ನು ನಂಬುವುದು ಹೀಗೆ. ಆದ್ದರಿಂದ ಪೈಪಿನ ತುದಿಯಲ್ಲಿ ‘ರೀಡ್-ಲೈನ್’ ಇರಬೇಕು. ಅದು ಸಾಲನ್ನು ಬರೀ ಅಕ್ಷರಗಳೆಂದು ಹಿಡಿದುಕೊಡುತ್ತದೆ, ಕಾಮಾ ಕಿತ್ತು ಸಂಖ್ಯೆ ಮಾಡಿಕೊಳ್ಳುವುದು ನಮಗೆ ಬಿಟ್ಟದ್ದು. ಜೊತೆಗೆ ಒಂದು ‘ನಿಲ್’ ಕೊಟ್ಟು, ನೀರು ನಿಂತರೆ ಕೂಗಬೇಡ ಎಂದು ಮೊದಲೇ ಹೇಳಿರಬೇಕು. ಇಲ್ಲದಿದ್ದರೆ ಫೈಲು ಮುಗಿದದ್ದಕ್ಕೂ ಎರರ್.

ಕ್ಲೋಜರ್ ಎಂಬ ಮೊಮ್ಮಗಳು 2007ರವಳು. ಜಾವಾ ಯಂತ್ರ ಬಿಸಿಯಾಗುವವರೆಗೆ ಏಳುವವಳಲ್ಲ. ಅವಳದೇ ಚುರುಕು ರೂಪ ಬಾಬಾಷ್ಕ ಮಾತ್ರ ಕರೆದ ತಕ್ಷಣ ಹಾಜರು. ಒಂದು ‘-ಐ’ ಹಾಕಿದರೆ ಪೈಪಿನಲ್ಲಿ ಬಂದ ಸಾಲುಗಳೆಲ್ಲ ಪಟ್ಟಿಯಾಗಿ ಕೈಗೆ ಸಿಗುತ್ತವೆ. ‘ರೀಡ್’ ಕೊಟ್ಟರೂ ಕಾಮಾ ಕಂಡು ರಂಪವಿಲ್ಲ, ಅವಳ ಕಣ್ಣಿಗೆ ಅದು ಖಾಲಿ ಜಾಗ. 1,250ನ್ನು 1 ಮತ್ತು 250 ಎಂದು ಎರಡಾಗಿ ಓದುತ್ತಾಳೆ. ಬಂದದ್ದನ್ನೆಲ್ಲ ಕೂಡು ಎಂದರೆ ಟ್ಯಾಂಕರಿಗೆ 251 ರೂಪಾಯಿ.

ಅಸೋಸಿಯೇಷನ್ ಖಜಾಂಚಿಗೆ ಮೊಮ್ಮಗಳ ಲೆಕ್ಕವೇ ಹಿಡಿಸಿದೆ.